ಕೆಸರಿನಲ್ಲಿ ಜಲ್ಲೆ ಹೂತುಹೋಗುತ್ತಿದೆ, ಯಾವುದು ತೆಗೆದುಕೊಳ್ಳಲಿ?

ಹೊಳೆಬದಿ
ಎಲ್ಲರಿಗೂ ನಮಸ್ಕಾರ. ನನ್ನದು 14 ಅಡಿಯ ಚಿಕ್ಕ ಫೈಬರ್ ದೋಣಿ. ರಜೆ ಸಿಕ್ಕಾಗ ಕುಂದಾಪುರದ ಪಂಚಗಂಗಾವಳಿ ಹಿನ್ನೀರಿನಲ್ಲಿ ಗಾಳ ಹಾಕಲು ಹೋಗುತ್ತೇನೆ. ಇಳಿತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬದಿಯಲ್ಲಿ ಎರಡು-ಮೂರು ಅಡಿ ನೀರಷ್ಟೇ ಉಳಿಯುತ್ತದೆ. ಎಂಜಿನ್ ಎತ್ತಲೇಬೇಕು. ಹುಟ್ಟು ಹಾಕಿದರೆ ಕೆಸರು ಎದ್ದು ಮೀನೆಲ್ಲ ಓಡಿಹೋಗುತ್ತದೆ.

ಹಾಗಾಗಿ ಜಲ್ಲೆಗೆ, ಅಂದರೆ ತಳಕ್ಕೆ ಊರಿ ದೋಣಿ ದೂಡುವ ಕೋಲಿಗೆ, ಒಂದೂವರೆ ಇಂಚಿನ ಅಲ್ಯೂಮಿನಿಯಂ ಪೈಪ್ ತಂದೆ, 12 ಅಡಿ ಉದ್ದದ್ದು. ಒತ್ತಿದರೆ ಎರಡಡಿ ಕೆಸರಿಗೆ ಇಳಿಯುತ್ತದೆ. ಎಳೆದರೆ ಅದು ಬರುವುದಿಲ್ಲ, ದೋಣಿಯೇ ಹಿಂದಕ್ಕೆ ಬರುತ್ತದೆ. ಕಳೆದ ಭಾನುವಾರ ಪೈಪ್ ಬಿಡಬಾರದು ಅಂತ ಹಿಡಿದುಕೊಂಡೇ ಇದ್ದೆ, ದೋಣಿ ಮುಂದೆ ಹೋಯಿತು, ನಾನು ನೀರಿಗೆ ಬಿದ್ದೆ.

ಭಾವನ ಮನೆಯಲ್ಲಿ ಅಡಿಕೆ ಕೊಯ್ಯುವ ಹಳೆಯ ಕಾರ್ಬನ್ ಫೈಬರ್ ದೋಟಿ ಇದೆ. ತುಂಬಾ ಹಗುರ. ಅದರ ಎರಡು ಪೈಪ್ ತೆಗೆದು ಬಳಸಬಹುದಾ? ಅಥವಾ ಬಿದಿರೇ ಒಳ್ಳೆಯದಾ?

ಉಪ್ಪುನೀರು
ಮೊದಲು ಒಂದು ಮಾತು ಮಾರಾಯ್ರೆ. ಜಲ್ಲೆ ಸಿಕ್ಕಿಕೊಂಡರೆ ಕೈ ಬಿಟ್ಟುಬಿಡಿ. ದೋಣಿಯಲ್ಲಿ ಒಂದು ಹುಟ್ಟು ಇಟ್ಟುಕೊಂಡಿದ್ದರೆ ವಾಪಸ್ ಬಂದು ಕಿತ್ತುಕೊಳ್ಳಬಹುದು. ಲೈಫ್ ಜಾಕೆಟ್ ಹಾಕಿದ್ದಿರಾ? ಇಳಿತದ ಸೆಳೆತ ಇರುವಾಗ ಕೆಸರಿನಲ್ಲಿ ಕಾಲು ಹೂತರೆ ಎದ್ದು ಬರುವುದು ಸುಲಭವಲ್ಲ.

ಇನ್ನು, ಪೈಪಿನ ತುದಿ ತೆರೆದೇ ಇದೆಯಾ?

ಹೊಳೆಬದಿ
ಹೌದು, ಎರಡೂ ಕಡೆ ತೆರೆದಿದೆ. ಜಾಕೆಟ್ ಅವತ್ತು ಹಾಕಿರಲಿಲ್ಲ. ಇನ್ನು ಹಾಕುತ್ತೇನೆ.

ಉಪ್ಪುನೀರು
ಹಾಗಾದರೆ ತೊಂದರೆ ಅಲ್ಲೇ ಇದೆ. ತೆರೆದ ಪೈಪ್ ಕೆಸರನ್ನು ಕೊರೆದುಕೊಂಡು ಹೋಗುತ್ತದೆ. ಪುಟ್ಟಿನ ಕೊಳವೆಯಲ್ಲಿ ಹಿಟ್ಟು ತುಂಬಿದ ಹಾಗೆ ಒಳಗೆ ಕೆಸರು ಬಿಗಿಯುತ್ತದೆ. ಮೇಲಕ್ಕೆ ಎಳೆದಾಗ ತಳದಲ್ಲಿ ಗಾಳಿ, ನೀರು ಹೋಗಲು ಜಾಗ ಇಲ್ಲ, ಹೀರಿ ಹಿಡಿದುಕೊಳ್ಳುತ್ತದೆ. ಜೊತೆಗೆ ನೀರು ತುಂಬುವುದರಿಂದ ಕೈಬಿಟ್ಟರೆ ಪೈಪ್ ಮುಳುಗಿಯೇ ಹೋಗುತ್ತದೆ.

ನೀವು ಬಿದಿರೋ ಫೈಬರ್ರೋ ಅಂತ ಕೇಳುತ್ತಿದ್ದೀರಿ. ನಾನು ಹೇಳುವುದು, ಬುಡ ಮೊದಲು ನೋಡಿ, ಕೋಲು ಆಮೇಲೆ. ಕೆಸರಿಗೆ ಕವಲಿರುವ ಬುಡ ಬೇಕು. ಕವಣೆ ಕೋಲಿನ ಹಾಗೆ ಎರಡು ಕವಲು, ನಡುವೆ ಐದಾರು ಇಂಚು ಅಂತರ. ಭಾರ ಹಂಚಿಹೋಗುತ್ತದೆ, ನಡುವೆ ನೀರು ಹರಿಯುವುದರಿಂದ ಹೀರಿಕೊಳ್ಳುವುದಿಲ್ಲ. ಕೆಲವರು ಅಗಲವಾದ ಹಲಗೆ ಹೊಡೆಯುತ್ತಾರೆ. ಅದು ಬೇಡ. ಇಳಿಯುವುದು ಕಡಿಮೆಯಾದರೂ ಏಳುವಾಗ ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

ಇನ್ನೊಂದು ತುದಿ ಚೂಪಾಗಿರಲಿ. ಹೊಯ್ಗೆ (ಮರಳು) ಇರುವಲ್ಲಿ, ಕಲ್ಲಿರುವಲ್ಲಿ ಕವಲು ಜಾರುತ್ತದೆ. ಆಗ ಜಲ್ಲೆ ತಿರುಗಿಸಿ ಹಿಡಿದರೆ ಆಯಿತು. ಕಾಣೆ ಮೀನಿಗೆ ಹೊಯ್ಗೆ ಜಾಗಕ್ಕೆ ಹೋದರೆ ಚೂಪು ತುದಿಯನ್ನು ನೆಟ್ಟು ದೋಣಿ ಕಟ್ಟಿ ನಿಲ್ಲಿಸಬಹುದು.

ಅಡಿಕೆತೋಟ
ದೋಟಿ ದಯವಿಟ್ಟು ಬೇಡ. ನಾನು ತೋಟದಲ್ಲಿ ದಿನಾ ಬಳಸುವವನು. ಅದು ನೆಟ್ಟಗೆ ಎತ್ತಿ ಗೊನೆ ಎಳೆಯಲು ಮಾಡಿದ್ದು. ಪೈಪಿನ ಗೋಡೆ ತೆಳು. ದೇಹದ ಭಾರ ಹಾಕಿ ಅಡ್ಡಕ್ಕೆ ಬಗ್ಗಿಸಿದರೆ ಪೈಪ್‌ಗಳನ್ನು ಜೋಡಿಸುವ ಲಾಕ್ ಇರುವ ಜಾಗದಲ್ಲಿ ಸೀಳುತ್ತದೆ. ಮರಳು ಸೇರಿದರೆ ಲಾಕ್ ತಿರುಗುವುದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ದೋಟಿ ತಂತಿಗೆ ತಾಗಿ ಜೀವ ಹೋದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊಳೆಯ ಮೇಲೂ ತಂತಿ ದಾಟಿರುತ್ತದೆ ಅಲ್ವಾ? ನಿಮ್ಮ ಅಲ್ಯೂಮಿನಿಯಂ ಪೈಪಿಗೂ ಇದೇ ಮಾತು.

ಟ್ಯಾಂಪಾ_ಕನ್ನಡಿಗ
ನಾನಿರುವ ಫ್ಲೋರಿಡಾದಲ್ಲಿ ಆಳವಿಲ್ಲದ ನೀರಿನ ಮೀನುಗಾರಿಕೆ ಅಂದರೆ ಜಲ್ಲೆಯೇ. ಎಂಜಿನ್ನಿನ ಮೇಲೊಂದು ಅಟ್ಟಣಿಗೆ ಇರುತ್ತದೆ, ಒಬ್ಬರು ಅದರ ಮೇಲೆ ನಿಂತು ದೂಡುತ್ತಾರೆ. ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಸ್ನೇಕ್ ಬೈಟ್ ಎಂಬಲ್ಲಿ ಕಡಲಹುಲ್ಲು ಉಳಿಯಲಿ ಎಂದು ಪೆಟ್ರೋಲ್ ಎಂಜಿನ್ ಓಡಿಸಲು ಬಿಡುವುದಿಲ್ಲ, ಗೊತ್ತು ಮಾಡಿದ ದಾರಿಗಳಲ್ಲಿ ಮಾತ್ರ ಬಿಡುತ್ತಾರೆ. ಉಳಿದ ಕಡೆ ಜಲ್ಲೆ, ಹುಟ್ಟು ಅಥವಾ ಚಿಕ್ಕ ವಿದ್ಯುತ್ ಮೋಟಾರು. ಇಲ್ಲಿನ ಜಲ್ಲೆಗಳಿಗೂ ಒಂದು ಕಡೆ ಕವಲು, ಒಂದು ಕಡೆ ಚೂಪು.

ಉದ್ದ ಇಲ್ಲಿ 18ರಿಂದ 22 ಅಡಿ, ಎತ್ತರದಲ್ಲಿ ನಿಲ್ಲುವುದರಿಂದ. ನೀವು ದೋಣಿಯ ತಳದಲ್ಲೇ ನಿಲ್ಲುವವರು, ಅಷ್ಟು ಬೇಡ. ದೋಣಿಗಿಂತ ಸ್ವಲ್ಪ ಉದ್ದ, 15 ಅಡಿ ಸಾಕು. 12 ಅಡಿ ಮಾತ್ರ ಕಡಿಮೆಯೇ. ಕೋಲನ್ನು ನೆಟ್ಟಗೆ ಊರಿದರೆ ಬಲವೆಲ್ಲ ಕೆಳಕ್ಕೆ ಹೋಗಿ ಕೆಸರಿಗೆ ಇಳಿಯುತ್ತದೆ. ಹಿಂದಕ್ಕೆ ಓರೆಯಾಗಿ ಊರಿದರೆ ದೋಣಿ ಮುಂದೆ ಹೋಗುತ್ತದೆ. ಓರೆಗೆ ಉದ್ದ ಬೇಕು. ಎತ್ತುವ ಮೊದಲು ಕೋಲನ್ನು ಕೈಯಲ್ಲಿ ಕಾಲು ಭಾಗದಷ್ಟು ಸುತ್ತು ತಿರುಗಿಸಿ, ಆಮೇಲೆ ಎಳೆಯಿರಿ.

ಉಪ್ಪುನೀರು
ಅದೇ ಸರಿ. ನಾನು ಬಿದಿರಿಗೇ ಓಟು ಹಾಕುತ್ತೇನೆ. ತೇಲುತ್ತದೆ, ದೋಣಿಗೆ ತಾಗಿದರೆ ಪೈಪಿನಷ್ಟು ಸದ್ದಿಲ್ಲ. ಎಳೆಯದು ಬೇಡ, ಮೂರು ವರ್ಷ ದಾಟಿದ, ಗೆಣ್ಣು ಹತ್ತಿರ ಹತ್ತಿರ ಇರುವ ಗಟ್ಟಿ ಬಿದಿರು ಹುಡುಕಿ. ಮೂರು-ನಾಲ್ಕು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು, ನೆರಳಿನಲ್ಲಿ ಒಣಗಿಸಿ. ಕುಟ್ಟೆ ಹುಳದ ಕಾಟ ಕಡಿಮೆಯಾಗುತ್ತದೆ. ದಪ್ಪ ಬುಡ ಕೆಳಗೆ ಬರಲಿ.

ಕವಲಿಗೆ ಪೇರಳೆ ಕೊಂಬೆ ಒಳ್ಳೆಯದು. ಕಾಂಡ್ಲಾ ಮಾತ್ರ ಕಡಿಯಬೇಡಿ. ಎಷ್ಟೋ ಮೀನಿನ ಮರಿಗಳು ಬೆಳೆಯುವುದೇ ಅದರ ಬೇರಿನ ನಡುವೆ. ಬಿದಿರಿಗೆ ಮೊಳೆ ಹೊಡೆದರೆ ಸೀಳುತ್ತದೆ, ನೈಲಾನ್ ದಾರ ಬಿಗಿಯಾಗಿ ಸುತ್ತಿ ಎಪಾಕ್ಸಿ ಬಳಿಯಿರಿ. ಕೆಳಗಿನ ಅರ್ಧಕ್ಕೆ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಬಹುದು. ಕೈ ಹಿಡಿಯುವ ಕಡೆ ಬೇಡ, ಚರ್ಮ ಸುಡುತ್ತದೆ. ಹಚ್ಚುವಾಗಲೂ ಕೈಗವಸು ಹಾಕಿ.

ಹೊಳೆಬದಿ
ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. 15 ಅಡಿಯ ಬಿದಿರು, ಪೇರಳೆ ಕವಲು. ನಿನ್ನೆ ಇಳಿತದಲ್ಲಿ ಅದೇ ಜಾಗಕ್ಕೆ ಹೋದೆ. ನಾಲ್ಕು ಬೆರಳು ಮಾತ್ರ ಇಳಿಯಿತು. ತಿರುಗಿಸಿ ಎಳೆದರೆ ಸಲೀಸಾಗಿ ಬರುತ್ತದೆ. ಒಂದೇ ಸಮಸ್ಯೆ, ಕವಲಿನ ಸಂದಿಗೆ ಕಾಂಡ್ಲಾ ಬೇರು ಸಿಕ್ಕಿಕೊಳ್ಳುತ್ತದೆ.

ಉಪ್ಪುನೀರು
ಬೇರಿನ ಹತ್ತಿರ ಚೂಪು ತುದಿ ಹಾಕಿ, ಅಲ್ಲಿ ನೆಲ ಸ್ವಲ್ಪ ಗಟ್ಟಿ ಇರುತ್ತದೆ. ದಾರದ ಸುತ್ತನ್ನು ಪ್ರತಿ ಸಲ ಹೊರಡುವ ಮುಂಚೆ ನೋಡಿಕೊಳ್ಳಿ. ಸಡಿಲವಾಗಿದ್ದರೆ ಅವತ್ತೇ ಬಿಚ್ಚಿ ಹೊಸದು ಸುತ್ತಿ.