ಅಪ್‌ಡೇಟ್: ಸಂಜೆಯಾದರೆ "ಮನೆಗೆ ಹೋಗೋಣ" ಅನ್ನುವ ಅತ್ತೆ

ಅಲ್‌ಝೈಮರ್ಸ್ ಇರುವ ನಮ್ಮತ್ತೆ ಧಾರವಾಡದ ಸ್ವಂತ ಮನೆಯಲ್ಲೇ ಕೂತು ಸಂಜೆ "ಮನೆಗೆ ಹೋಗೋಣ" ಎಂದು ಚಡಪಡಿಸುತ್ತಾರೆ, ಏನು ಮಾಡಲಿ ಎಂದು ದಸರೆಗೆ ಮುಂಚೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ್ದನ್ನೇ ಡಾಕ್ಟರೂ ಹೇಳಿದರು: ಇದು ಸನ್‌ಡೌನಿಂಗ್, ಅಂದರೆ ಈ ಕಾಯಿಲೆಯಲ್ಲಿ ಸಂಜೆಯಾದಂತೆ ಗೊಂದಲ, ಚಡಪಡಿಕೆ ಹೆಚ್ಚುವುದು; ಹೊತ್ತು ಬೇಗ ಮುಳುಗುವ ದಿನಗಳಲ್ಲಿ ಜಾಸ್ತಿಯಾಗಬಹುದು. ಈಗ ಕತ್ತಲಾಗುವ ಮೊದಲೇ ಲೈಟ್ ಹಾಕುತ್ತೇವೆ. ಮಧ್ಯಾಹ್ನದ ನಿದ್ದೆ, ಸಂಜೆಯ ಚಹಾ ಎರಡೂ ಕಡಿಮೆ. "ಇದೇ ನಿಮ್ಮ ಮನೆ" ಎಂದು ವಾದ ಮಾಡುವುದಿಲ್ಲ. "ಹೋಗೋಣ್ರಿ ಅತ್ತಿ, ಮೊದಲು ಈ ಹಸಿ ಶೇಂಗಾ ಬಿಡಿಸೋಣ" ಅಂದರೆ ಸುಮ್ನೆ ಕೂರುತ್ತಾರೆ.

ದಸರೆಗೆ ಬನ್ನಿ ಎಲೆ ಕೊಡಲು ಬಂದವರಲ್ಲಿ ಒಬ್ಬರ ಹೆಸರೂ ಅತ್ತೆಗೆ ನೆನಪಾಗಲಿಲ್ಲ. ಆದರೆ ಎಲೆ ಕೈಗಿಟ್ಟ ಕೂಡಲೇ "ಬಂಗಾರದಂಗ ಇರೋಣ" ಎಂದು ತಾವೇ ಶುರು ಮಾಡಿದರು!

ರಾತ್ರಿ ಎದ್ದು ಬಾಗಿಲು ತೆಗೆಯುವುದು ಮಾತ್ರ ನಿಂತಿಲ್ಲ. ಬಾಗಿಲಿಗೆ ಗಂಟೆ ಕಟ್ಟಿದ್ದೇವೆ. ದೀಪಾವಳಿಯ ಪಟಾಕಿ ಸದ್ದಿಗೆ ಹಿಂದಿನ ಕೋಣೆಯಲ್ಲಿ ಮಲಗಿಸುವ ಯೋಚನೆ ಇದೆ.