ಲಕ್ವ, ನರ, ಮೆದುಳುಬಳ್ಳಿ: ರೋಗಿಯ ಮನೆಯವರಿಗೆ ಯಾವ ಪದದಲ್ಲಿ ಹೇಳೋಣ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವವಳು. ಲಕ್ವ ಹೊಡೆದವರು, ಬೈಕಿನಿಂದ ಬಿದ್ದು ತಲೆಗೋ ಬೆನ್ನಿಗೋ ಪೆಟ್ಟು ಮಾಡಿಕೊಂಡವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಅವರ ಮನೆಯವರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಮೆದುಳು ಎಲ್ಲಿಂದ ಎಲ್ಲಿಯವರೆಗೆ, ಬೆನ್ನಿನೊಳಗೆ ಏನಿದೆ, ಕೈಕಾಲು ಯಾಕೆ ನಿಂತುಹೋಯಿತು, ಇಷ್ಟೇ ವಿಷಯ. ಆದರೆ ಕೆಲವು ಪದಗಳ ಹತ್ತಿರ ಮುಂದೆ ಹೋಗಲು ಆಗುತ್ತಿಲ್ಲ. ಮುಖ್ಯವಾಗಿ ‘ನರ’. ನಿಮ್ಮ ಊರಿನ ಬಳಕೆ ಏನು, ನಿಮಗೆ ಯಾವುದು ಸರಿ ಅನ್ನಿಸುತ್ತದೆ ಹೇಳಿ.

ನಮ್ಮ ಕಡೆ ಈ ಪದ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಡ್ರಿಪ್ ಹಾಕುವ ಸಿಸ್ಟರ್ “ನರ ಸಿಗ್ತಾ ಇಲ್ಲ” ಅನ್ನುತ್ತಾರೆ. ಅದು ರಕ್ತನಾಳ. ಜಾಸ್ತಿ ಹೊತ್ತು ನಿಂತು ಕೆಲಸ ಮಾಡುವವರ ಕಾಲಿನಲ್ಲಿ ನೀಲಿಯಾಗಿ ಉಬ್ಬಿಕೊಳ್ಳುವುದನ್ನೂ ನರ ಅನ್ನುತ್ತೇವೆ, ಅದೂ ರಕ್ತನಾಳವೇ. ಬೆಳಗ್ಗೆ ಎದ್ದಾಗ ಕತ್ತು ತಿರುಗದಿದ್ದರೆ “ನರ ಹಿಡ್ಕೊಂಡೈತೆ”. ಅದು ಬಹಳ ಸಲ ಸ್ನಾಯು. ಹಿಮ್ಮಡಿಯ ಮೇಲೆ ಬೆರಳಿಗೆ ಗಟ್ಟಿಯಾಗಿ ಸಿಗುತ್ತದಲ್ಲ, ಅದಕ್ಕೂ ನರ ಅಂತಲೇ ಹೆಸರು. ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಸೊಂಟದಿಂದ ಪಾದದವರೆಗೆ ನೋವು ಇಳಿದಾಗ “ನರ ಎಳೀತೈತೆ” ಅನ್ನುತ್ತಾರೆ. ಇಲ್ಲಿ ಮಾತ್ರ ಅದು ನಿಜವಾದ ನರ. ಇನ್ನೊಂದು ಕಡೆ, ನರಕ್ಕೇ ಸೇರಿದ ಒಂದು ಅನುಭವಕ್ಕೆ ನಾವು ನರದ ಹೆಸರು ಎತ್ತುವುದೇ ಇಲ್ಲ. ಕಾಲು ಮಡಚಿ ತುಂಬ ಹೊತ್ತು ಕೂತರೆ ‘ಜೋಮು ಹಿಡಿಯಿತು’ ಅನ್ನುತ್ತೇವೆ. ಎಷ್ಟು ಚೆಂದದ ಪದ! ಸಕ್ಕರೆ ಕಾಯಿಲೆಯಿಂದ ಪಾದದ ನರ ಹಾಳಾಗುವುದನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಇದನ್ನು ಜನರ ತಪ್ಪು ಅಂತ ನಾನು ಹೇಳುತ್ತಿಲ್ಲ. ತೆಳ್ಳಗೆ ಉದ್ದವಾಗಿ ಮೈಯೊಳಗೆ ಹರಿದಿರುವುದೆಲ್ಲ ನರ, ಅಷ್ಟೇ. ತಮಿಳಿನ ‘ನರಂಬು’ ಕೂಡ ಹೀಗೆಯೇ, ಅಲ್ಲಿ ಯಾೞ್ ಎಂಬ ವಾದ್ಯದ ತಂತಿಗೂ ಅದೇ ಹೆಸರು. ಗ್ರೀಕರ ‘ನ್ಯೂರಾನ್’ ಪದಕ್ಕೂ ಮೊದಲು ಇದ್ದ ಅರ್ಥ ಟೆಂಡನ್, ಬಿಲ್ಲಿನ ಹೆದೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಮತ್ತು ಎರಸಿಸ್ಟ್ರೇಟಸ್ ಹೆಣ ಕೊಯ್ದು ನೋಡಿ, ಈ ಬಿಳಿ ಎಳೆಗಳು ಬೇರೆ, ಟೆಂಡನ್ ಬೇರೆ, ಎಳೆಗಳು ಮೆದುಳಿಗೂ ಬೆನ್ನಿನ ಬಳ್ಳಿಗೂ ಹೋಗಿ ಸೇರುತ್ತವೆ ಅಂತ ತೋರಿಸಿದ ಮೇಲೆ ಅಲ್ಲಿ ಆ ಪದದ ಅರ್ಥ ನಿಧಾನವಾಗಿ ಒಂದು ಕಡೆ ನಿಂತಿತು. ಕನ್ನಡದಲ್ಲಿ ಪುಸ್ತಕದ ‘ನರ’ ಒಂದು ಕಡೆ ನಿಂತಿದೆ, ಮನೆಯ ‘ನರ’ ಇನ್ನೂ ಎಲ್ಲ ಕಡೆ ಇದೆ. ನನ್ನ ಹಾಳೆ ಓದುವವರು ಮನೆಯ ‘ನರ’ದವರು.

ಹಾಗಿದ್ದರೆ ಬಿಟ್ಟುಬಿಡಿ, ಏನು ತೊಂದರೆ ಅಂತ ಕೇಳಬಹುದು. ತೊಂದರೆ ಲಕ್ವದಲ್ಲಿದೆ. ಮನೆಯವರು ಹೇಳುವುದು ಹೀಗೆ: “ಬಲಗೈ ನರ ಸತ್ತೋಗೈತೆ ಮೇಡಂ, ಕಾಲಿನ ನರ ಬಿದ್ದೋಗೈತೆ.” ಆದರೆ ಆ ಕೈಯ ನರಕ್ಕೆ ಏನೂ ಆಗಿರುವುದಿಲ್ಲ. ಕಾಲಿನ ನರವೂ ಚೆನ್ನಾಗಿರುತ್ತದೆ. ಎಡಗಡೆ ಮೆದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿರುತ್ತದೆ, ಇಲ್ಲವೇ ಒಡೆದಿರುತ್ತದೆ. ಕೈಕಾಲು ಆಡಿಸುವ ಎಳೆಗಳಲ್ಲಿ ಹೆಚ್ಚಿನವು ಮೆದುಳಿನ ಬುಡದಲ್ಲಿ, ಕತ್ತು ಶುರುವಾಗುವ ಮಟ್ಟದಲ್ಲಿ, ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ದಾಟುತ್ತವೆ. ಅದಕ್ಕೇ ಎಡ ಮೆದುಳಿಗೆ ಪೆಟ್ಟಾದರೆ ಬಲಗಡೆ ಕೈಕಾಲು ನಿಲ್ಲುವುದು. ಮಾತಿನ ಜಾಗ ಹೆಚ್ಚಿನವರಲ್ಲಿ ಎಡಗಡೆಯೇ ಇರುವುದರಿಂದ ಬಲಗೈ ಜೊತೆ ಮಾತೂ ನಿಲ್ಲಬಹುದು.

ಈಗ ‘ಕೈಯ ನರ ಸತ್ತಿದೆ’ ಅಂತ ನಂಬಿದ ಮನೆಯವರು ಏನು ಮಾಡುತ್ತಾರೆ? ಕೈಗೆ ಎಣ್ಣೆ ತಿಕ್ಕುತ್ತಾರೆ. ಪಾರಿವಾಳದ ರಕ್ತ ಹಚ್ಚಿಸಲು ಗಾಡಿ ಮಾಡಿಕೊಂಡು ದೂರದ ಹಳ್ಳಿಗೆ ಹೋಗುತ್ತಾರೆ. ಅವರ ಲೆಕ್ಕ ಅವರಿಗೆ ಸರಿಯಾಗಿಯೇ ಇದೆ, ಪದ ಕೈಯನ್ನು ತೋರಿಸುತ್ತದೆ, ಅವರು ಕೈಗೆ ಮದ್ದು ಮಾಡುತ್ತಾರೆ. ಆದರೆ ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಮಾಡಿ ಒಳಗೆ ರಕ್ತಸ್ರಾವ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು, ಶ್ರೀನಿವಾಸಪುರದ ಒಂದು ಹಳ್ಳಿಯಿಂದ ಹೊರಟು ಸ್ಕ್ಯಾನ್ ಇರುವ ಆಸ್ಪತ್ರೆ ಸೇರುವಷ್ಟರಲ್ಲೇ ಎಷ್ಟು ಹೊತ್ತು ಹೋಗುತ್ತದೆ ಅಂತ ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ಎಣ್ಣೆ ತಿಕ್ಕುತ್ತಾ ಕೂತರೆ ಮೆದುಳು ಸಾಯುತ್ತದೆ.

ಇನ್ನೊಂದು ವಿಷಯ. ‘ನರಸತ್ತವನು’ ಅನ್ನುವುದು ನಮ್ಮಲ್ಲಿ ಬೈಗುಳ. ಕೈಲಾಗದವನು, ಗಂಡಸಲ್ಲ, ಆ ಅರ್ಥ. ಮೊನ್ನೆವರೆಗೂ ಹೊಲ ಉಳುತ್ತಿದ್ದ ಮನುಷ್ಯ ಹಾಸಿಗೆ ಮೇಲೆ ಮಲಗಿರುವಾಗ ಅವನ ಎದುರಿಗೇ ನಾಲ್ಕು ಜನ ನಿಂತು ‘ನರ ಸತ್ತೋಗೈತೆ’ ಅಂದರೆ ಅವನಿಗೆ ಹೇಗಾಗುತ್ತದೆ? ವ್ಯಾಯಾಮ ಮಾಡಲು ಮನಸ್ಸೇ ಬರುವುದಿಲ್ಲ. ಸತ್ತದ್ದು ಮತ್ತೆ ಏಳುತ್ತದಾ ಅಂತ ಅವರೇ ಕೇಳುತ್ತಾರೆ. ಹಾಳಾದ ಭಾಗದ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮೆದುಳಿನ ಬೇರೆ ಭಾಗಗಳು ಕಲಿತುಕೊಳ್ಳುತ್ತವೆ, ಮತ್ತೆ ಮತ್ತೆ ಮಾಡಿಸಿದರೆ ಕಲಿಯುವುದು ಜಾಸ್ತಿ. ಇದನ್ನು ಅವರಿಗೆ ನಂಬಿಸಬೇಕಾದರೆ ಮೊದಲು ತೊಂದರೆ ತಲೆಯಲ್ಲಿದೆ ಅನ್ನುವುದು ಅವರ ಮನಸ್ಸಿಗೆ ಬರಬೇಕು.

‘ಲಕ್ವ’ವೂ ಇಂಥದ್ದೇ. ಒಂದೇ ಹೆಸರಿನಲ್ಲಿ ಎರಡು ಕಾಯಿಲೆ ಕೂತಿವೆ. ಬಾಯಿ ಸೊಟ್ಟಗಾದರೆ ಸಾಕು, ಲಕ್ವ. ಆದರೆ ಮುಖದ ನರ ಊದಿಕೊಂಡು ಮುಖ ಮಾತ್ರ ಜೋತುಬೀಳುವ ಬೆಲ್ಸ್ ಪಾಲ್ಸಿ ಬೇರೆ, ಮೆದುಳಿನ ಸ್ಟ್ರೋಕ್ ಬೇರೆ. ಮುಖದ ನರದ ತೊಂದರೆಯಲ್ಲಿ ಆ ಬದಿಯ ಹಣೆಯನ್ನು ಸುಕ್ಕು ಮಾಡಲು ಆಗುವುದಿಲ್ಲ, ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕಾಗುತ್ತದೆ, ಯಾಕೆಂದರೆ ಹಣೆಗೆ ಮೆದುಳಿನ ಎರಡೂ ಬದಿಯಿಂದ ಅಪ್ಪಣೆ ಬರುತ್ತದೆ. ಮೊದಲನೆಯದು ಹೆಚ್ಚಿನವರಲ್ಲಿ ಕೆಲವು ವಾರ ತಿಂಗಳುಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಅಂಥವರು ನಾಟಿ ಮದ್ದು ತಿಂದು ವಾಸಿಯಾದರೆ ಊರೆಲ್ಲ ‘ಲಕ್ವಕ್ಕೆ ಅಲ್ಲಿ ಮದ್ದಿದೆ’ ಅಂತ ಹೆಸರಾಗುತ್ತದೆ, ಆಮೇಲೆ ನಿಜವಾದ ಸ್ಟ್ರೋಕಿನವರೂ ಅಲ್ಲಿಗೇ ಹೋಗುತ್ತಾರೆ. ಹಣೆ ನೋಡಿ ಮನೆಯಲ್ಲೇ ತೀರ್ಮಾನ ಮಾಡಿ ಅಂತ ನಾನು ಬರೆಯುವುದಿಲ್ಲ. ಬಾಯಿ ಸೊಟ್ಟಗಾದ ಕೂಡಲೇ ಆಸ್ಪತ್ರೆಗೆ ಬನ್ನಿ ಅಂತಲೇ ಬರೆಯುತ್ತೇನೆ. ಆದರೆ ಎರಡಕ್ಕೂ ಎರಡು ಹೆಸರು ಬೇಕು. ‘ಮುಖನರದ ಲಕ್ವ’, ‘ಮೆದುಳಿನ ಲಕ್ವ’ ಅಂತ ಬರೆದಿದ್ದೇನೆ. ಪಾರ್ಶ್ವವಾಯು ಬೇಡ ಅನ್ನಿಸಿತು, ಅದರಲ್ಲಿ ವಾಯು ಇದೆ, ಗಾಳಿ ಸೋಕಿತು ಅನ್ನುವ ನಂಬಿಕೆ ಮತ್ತೆ ಅಲ್ಲೇ ಬಂದು ಕೂರುತ್ತದೆ. ಬರೀ ‘ಸ್ಟ್ರೋಕ್’ ಅಂದರೆ ಹಾರ್ಟ್ ಅಟ್ಯಾಕ್ ಅಂದುಕೊಳ್ಳುವವರು ಇದ್ದಾರೆ.

ಜಾಗದ ಹೆಸರು ಪದದಲ್ಲೇ ಇದ್ದರೆ ಜನ ಹಿಡಿದುಕೊಳ್ಳುತ್ತಾರೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಹರಡಿತ್ತು. ಗದ್ದೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹಂದಿಗಳಿಂದ, ಕೊಕ್ಕರೆಗಳಿಂದ ಮನುಷ್ಯರಿಗೆ ತರುವ ವೈರಸ್ ಅದು. ಆ ಉದ್ದದ ಹೆಸರು ಯಾರ ನಾಲಿಗೆಗೂ ಬರಲಿಲ್ಲ, ‘ಮೆದುಳು ಜ್ವರ’ ಮಾತ್ರ ಉಳಿಯಿತು. ಎರಡೇ ಪದ. ಏನಾಗುತ್ತದೆ, ಎಲ್ಲಿ ಆಗುತ್ತದೆ, ಎರಡೂ ಇದೆ. ಇದನ್ನು ಮೆನಿಂಜೈಟಿಸ್‌ಗೂ ಬಳಸುವವರಿದ್ದಾರೆ. ಅದು ಮೆದುಳಿನ ಸುತ್ತ ಇರುವ ಪೊರೆಯ ಕಾಯಿಲೆ, ‘ಮೆದುಳುಪೊರೆ ಜ್ವರ’ ಅಂದರೆ ಬಗೆಹರಿಯುತ್ತದೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯದ ಯೋಜನೆ ಶುರುಮಾಡಿದಾಗ ಮೊದಲ ಹಂತದಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಹಾಗಾಗಿ ‘ಮೆದುಳು’ ಅನ್ನುವುದು ಈ ಕಡೆ ಆಸ್ಪತ್ರೆ ಬೋರ್ಡಿನ ಮೇಲೂ ಕಾಣುವ ಪದ. ಮಸ್ತಿಷ್ಕದ ಅಗತ್ಯವೇ ಇಲ್ಲ.

ಇನ್ನು ಬೆನ್ನಿನೊಳಗಿನದು, ಇಂಗ್ಲಿಷಿನಲ್ಲಿ ಸ್ಪೈನಲ್ ಕಾರ್ಡ್ ಅನ್ನುತ್ತಾರಲ್ಲ, ಅದು. ಪತ್ರಿಕೆಗಳಲ್ಲಿ ‘ಬೆನ್ನುಹುರಿ’ ಜಾಸ್ತಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ‘ಮೆದುಳುಬಳ್ಳಿ’ ಓದಿದ ನೆನಪು ಹಲವರಿಗೆ ಇರುತ್ತದೆ. ನನ್ನ ಓಟು ಮೆದುಳುಬಳ್ಳಿಗೆ. ಬೆನ್ನುಹುರಿ ಅಂದರೆ ಹತ್ತರಲ್ಲಿ ಹೆಚ್ಚಿನ ಜನ ಬೆನ್ನುಮೂಳೆ ಅಂತಲೇ ತಿಳಿಯುತ್ತಾರೆ. “ಮೂಳೆ ಕೂಡಿಕೊಂಡೈತಂತೆ, ಇನ್ನೂ ಯಾಕೆ ನಡೀತಿಲ್ಲ?” ಅಂತ ಕೇಳುವುದು ಇದರಿಂದಲೇ. ಮೂಳೆ ಕೂಡುತ್ತದೆ, ಅದರೊಳಗಿನ ಬಳ್ಳಿ ಹಾಗೆ ಕೂಡುವುದಿಲ್ಲ. ‘ಮೆದುಳುಬಳ್ಳಿ’ ಅಂದ ಕೂಡಲೇ ಇದು ಮೆದುಳಿನದೇ ಮುಂದುವರಿಕೆ ಅಂತ ಗೊತ್ತಾಗುತ್ತದೆ. ಇಕ್ಕೆಲಗಳಲ್ಲಿ 31 ಜೊತೆ ನರಗಳು ಕವಲೊಡೆಯುವುದೂ ಬಳ್ಳಿ ಅನ್ನುವುದರಲ್ಲೇ ಬಂತು. ಮತ್ತೆ ಮೈಯೊಳಗಿನ ಬಳ್ಳಿ ಕನ್ನಡಕ್ಕೆ ಹೊಸದೇನಲ್ಲ, ಹೊಕ್ಕುಳಬಳ್ಳಿ ಗೊತ್ತಿಲ್ಲದ ಅಜ್ಜಿ ಇದ್ದಾರಾ?

ಮುಳಬಾಗಿಲು, ಬಾಗೇಪಲ್ಲಿ ಕಡೆಯಿಂದ ಬರುವ ತೆಲುಗು ಮಾತಿನವರಿಗೆ ಇದಕ್ಕೆ ‘ವೆನ್ನುಪಾಮು’ ಅನ್ನಬೇಕು. ಬೆನ್ನಿನ ಹಾವು ಅಂತ. ಅವರಿಗೆ ಮೆದುಳು ‘ಮೆದಡು’, ನರ ‘ನರಂ’, ಅದರಲ್ಲೂ ನಮ್ಮದೇ ಗೊಂದಲ. ಹಾಳೆಯ ಹಿಂದೆ ತೆಲುಗಿನಲ್ಲಿ ನಾಲ್ಕು ಸಾಲು ಹಾಕಬೇಕು ಅಂತ ಇದ್ದೇನೆ. ಆ ಕಡೆಯವರು ಯಾರಾದರೂ ಇದ್ದರೆ ನೋಡಿಕೊಡಿ.

ಈ ಬಳ್ಳಿ ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ನಾನು ಸ್ವಲ್ಪ ಬಿಡಿಸಿಯೇ ಬರೆದಿದ್ದೇನೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 45 ಸೆಂಟಿಮೀಟರ್. ಸೊಂಟದ 1 ಅಥವಾ 2ನೇ ಮೂಳೆಯ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಕೆಳಗೆ ನೀರಿನಲ್ಲಿ ತೇಲುವ ನರಗಳ ಗೊಂಚಲು ಮಾತ್ರ. ವೈದ್ಯರು ಲ್ಯಾಟಿನ್ನಿನಲ್ಲಿ ಅದನ್ನು ಕುದುರೆಬಾಲ ಅಂತಲೇ ಕರೆಯುತ್ತಾರೆ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಹೋಗುವುದು ಈ ಕೆಳಗಿನ ಜಾಗಕ್ಕೆ, ಬಳ್ಳಿ ಮುಗಿದ ಮೇಲೆ. ‘ಬೆನ್ನುಹುರಿಗೆ ಚುಚ್ಚಿಬಿಟ್ಟರು, ಅದಕ್ಕೇ ಸೊಂಟ ನೋವು’ ಅಂತ ಹೇಳುವ ಹೆಂಗಸರು ಎಷ್ಟೋ ಮಂದಿ. ಅವರ ಭಯಕ್ಕೂ ಪದಕ್ಕೂ ಸಂಬಂಧ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬೆನ್ನು, ಬೆನ್ನುಮೂಳೆ, ಬೆನ್ನುಹುರಿ ಮೂರೂ ಒಂದೇ ಆದರೆ ಬೆನ್ನಿಗೆ ಹೋದ ಸೂಜಿ ಹುರಿಗೇ ಹೋಗಬೇಕು, ಅಲ್ವಾ?

ಕುದುರೆಬಾಲ ಅನ್ನುವ ಪದ ಹಾಳೆಯಲ್ಲಿ ಇರಲಿ ಅಂತ ಆಸೆ. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ಜಾರಿ ಆ ಗೊಂಚಲೇ ಅಮುಕಿಹೋದರೆ ಕೂರುವ ಜಾಗದ ಸುತ್ತ ಸ್ಪರ್ಶ ಹೋಗುತ್ತದೆ, ಮೂತ್ರ ಕಟ್ಟಿಕೊಳ್ಳುತ್ತದೆ. ಅದು ತಡಮಾಡುವ ವಿಷಯವಲ್ಲ, ಅವತ್ತೇ ಆಸ್ಪತ್ರೆಗೆ ಬರಬೇಕು. ಇದನ್ನೂ “ನರ ಹಿಡ್ಕೊಂಡೈತೆ” ಅಂತ ಸುಮ್ನೆ ಮಲಗಿಸಿಬಿಡುತ್ತಾರೆ.

ತಲೆಯ ಹಿಂದೆ ಕೆಳಗಡೆ ಇದ್ದು ಮೈಯ ಸಮತೋಲ ಕಾಯುವ ಮೆದುಳಿನ ಭಾಗ ಸೆರೆಬೆಲ್ಲಮ್. ಅದಕ್ಕೆ ‘ಅನುಮಸ್ತಿಷ್ಕ’ ಬಿಟ್ಟು ‘ಕಿರುಮೆದುಳು’ ಹಾಕಿದ್ದೇನೆ. ಲ್ಯಾಟಿನ್ನಿನ ಅರ್ಥವೂ ಅದೇ. ಕೆಲವರು ‘ಹಿಮ್ಮೆದುಳು’ ಬರೆಯುತ್ತಾರೆ, ಅದು ಸರಿಹೋಗುವುದಿಲ್ಲ. ಹಿಮ್ಮೆದುಳಿನಲ್ಲಿ ಇದರ ಜೊತೆ ಪಾನ್ಸ್, ಮೆಡುಲ್ಲಾ ಅನ್ನುವ ಬೇರೆ ಭಾಗಗಳೂ ಸೇರಿವೆ. ತೂಕದಲ್ಲಿ ಇದು ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು, ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇದರಲ್ಲೇ ಇವೆ. ಇದಕ್ಕೆ ಪೆಟ್ಟಾದವರು ಕುಡಿಯದೇ ಇದ್ದರೂ ತೂರಾಡುತ್ತಾರೆ, ಮಾತು ತೊದಲುತ್ತದೆ, ಬೀದಿಯಲ್ಲಿ ಜನ ತಪ್ಪು ತಿಳಿಯುತ್ತಾರೆ.

ಮೆಡುಲ್ಲಾ ಅಂದೆ, ಅದರ ಬಗ್ಗೆ ಒಂದು ಮಾತು. ‘ಮೆದುಳು’ ಬಂದಿದ್ದೇ ಲ್ಯಾಟಿನ್ನಿನ ಮೆಡುಲ್ಲಾದಿಂದ ಅಂತ ಹೇಳುವವರನ್ನು ಕೇಳಿದ್ದೇನೆ. ಎರಡಕ್ಕೂ ನಂಟಿಲ್ಲ. ಹಳಗನ್ನಡದಲ್ಲೇ ‘ಮಿದುಳ್’ ಇದೆ, ಪಕ್ಕದಲ್ಲಿ ತೆಲುಗಿನ ಮೆದಡು ಇದೆ. ಲ್ಯಾಟಿನ್ನಿನದಕ್ಕೆ ಮಜ್ಜೆ, ತಿರುಳು ಅಂತ ಅರ್ಥ. ಕೇಳಲು ಹತ್ತಿರ, ಅಷ್ಟೇ. ಮೆಡುಲ್ಲಾಗೆ ಕನ್ನಡದಲ್ಲಿ ‘ಮಣಿಶಿರ’ ಅಂತ ಬರೆಯುತ್ತಾರೆ. ಉಸಿರು, ಎದೆಬಡಿತ ಕಾಯುವ ಭಾಗ ಅದು. ಮಣಿ ಎಲ್ಲಿಂದ ಬಂತೋ ತಿಳಿದವರು ಹೇಳಿ. ನಾನು ಸದ್ಯಕ್ಕೆ ‘ಮೆದುಳಿನ ಬುಡ’ ಅಂತ ಇಟ್ಟಿದ್ದೇನೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಹಾಳೆಯಲ್ಲಿ ನರ ಅನ್ನುವುದನ್ನು ಮೆದುಳು ಮತ್ತು ಮೆದುಳುಬಳ್ಳಿಯಿಂದ ಹೊರಟ ಎಳೆಗಳಿಗೆ ಮಾತ್ರ ಬಳಸಿ, ಉಳಿದದ್ದಕ್ಕೆ ರಕ್ತನಾಳ, ಸ್ನಾಯು ಅಂತ ಬರೆದಿದ್ದೇನೆ. ಟೆಂಡನ್‌ಗೆ ‘ಸ್ನಾಯುರಜ್ಜು’ ಓದುವವರಿಗೆ ಹಿಡಿಸುತ್ತಿಲ್ಲ. ರಜ್ಜು ಅಂದರೆ ಏನು ಅಂತ ಮತ್ತೆ ಹೇಳಬೇಕು. ಕುರಿ ಮೇಕೆ ಕೊಯ್ಯುವವರು, ಚರ್ಮದ ಕೆಲಸದವರು, ಎತ್ತಿನ ಕಾಲು ನೋಡುವ ನಾಟಿ ವೈದ್ಯರು, ಇವರ ಬಾಯಲ್ಲಿ ಆ ಬಿಳಿ ಗಟ್ಟಿ ಪಟ್ಟಿಗೆ ನರ ಬಿಟ್ಟು ಬೇರೆ ಪದ ಇದೆಯಾ? ತುಮಕೂರಿನ ಪಾವಗಡ, ಮಧುಗಿರಿ, ಶಿರಾ ಕಡೆ ಕುರಿ ಸಾಕುವವರ ಮನೆಯಿಂದ ಬಂದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ, ದಯವಿಟ್ಟು ಮನೆಯಲ್ಲಿ ಹಿರಿಯರನ್ನು ಕೇಳಿ ತಿಳಿಸಿ. ‘ಮೆದುಳಿನ ಲಕ್ವ’ ಅಂತ ಬರೆದರೆ ನಿಮ್ಮ ಅಪ್ಪ ಅಮ್ಮನಿಗೆ ಮೊದಲ ಸಲ ಓದಿದಾಗಲೇ ಅರ್ಥವಾಗುತ್ತದಾ ಅನ್ನುವುದನ್ನೂ ಒಮ್ಮೆ ಓದಿಸಿ ನೋಡಿ ಹೇಳಿ.