ಅಜ್ಜಿ ಬರೆದದ್ದು ಉಯಿಲೋ, ಮರಣಶಾಸನವೋ?

ಮೊನ್ನೆ ಗೆಳತಿಯೊಬ್ಬಳ ಅನುವಾದದ ಕರಡು ಓದುತ್ತಿದ್ದೆ. ಅದರಲ್ಲೊಂದು ವಾಕ್ಯ ಹೀಗಿತ್ತು: ‘ಸಾಯುವ ಎರಡು ವರ್ಷ ಮುಂಚೆಯೇ ಅಜ್ಜಿ ಮೊಮ್ಮಗಳಿಗೆ ಮರಣಶಾಸನ ಬರೆದಳು.’ ಬೆಚ್ಚಿಬಿದ್ದೆ. ಪಾಪ, ಆ ಹುಡುಗಿ ಅಂಥದ್ದೇನು ತಪ್ಪು ಮಾಡಿತ್ತು? ಮುಂದಿನ ಪುಟ ಓದಿದ ಮೇಲೆ ಗೊತ್ತಾಯಿತು. ಅಜ್ಜಿ ಕೊಂದದ್ದೂ ಇಲ್ಲ, ಶಪಿಸಿದ್ದೂ ಇಲ್ಲ. ತನ್ನ ಮನೆಯನ್ನು ಮೊಮ್ಮಗಳಿಗೆ ಸೇರಬೇಕು ಅಂತ ಬರೆದಿಟ್ಟಿದ್ದಾಳೆ, ಅಷ್ಟೇ.

ಫೋನ್ ಮಾಡಿ ಹೇಳಿದೆ. ‘ನಿಘಂಟಿನಲ್ಲಿ ಇರೋದೇ ಹಾಗೆ’ ಅಂದಳು. ಅವಳ ಮಾತು ತಪ್ಪಲ್ಲ. ನಿಘಂಟುಗಳು ಈ ಅರ್ಥಕ್ಕೆ ಉಯಿಲು, ಮರಣಶಾಸನ, ಮೃತ್ಯುಪತ್ರ ಅಂತ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತವೆ. ಮೂರರಲ್ಲಿ ಯಾವುದನ್ನು ಬೇಕಾದರೂ ಎತ್ತಿಕೊಳ್ಳಬಹುದು ಅನ್ನಿಸುತ್ತೆ. ಆದರೆ ಹಾಗೆ ಎತ್ತಿಕೊಳ್ಳೋಕೆ ಆಗಲ್ಲ.

ಮರಣಶಾಸನದ ಗತಿಯನ್ನೇ ಮೊದಲು ನೋಡೋಣ. ಒಂದು ಕಾಲಕ್ಕೆ ಇದು ಪತ್ರಗಳಲ್ಲಿ ಗಂಭೀರವಾಗಿ ಬಳಕೆಯಾಗುತ್ತಿದ್ದ ಮಾತು. ಸತ್ತ ಮೇಲೆ ನಡೆಯಬೇಕಾದ ಅಪ್ಪಣೆ ಅನ್ನೋದು ಅದರ ಅರ್ಥ. ಈಗ ಪತ್ರಿಕೆ ತೆರೆದು ನೋಡಿ. ‘ಈ ಕಾಯ್ದೆ ರೈತರ ಪಾಲಿನ ಮರಣಶಾಸನ’, ‘ಸಣ್ಣ ಅಂಗಡಿಗಳಿಗೆ ಮರಣಶಾಸನ’. ಸಾಯುವವನ ಅಪ್ಪಣೆ ಹೋಗಿ ಸಾಯಿಸುವವನ ಅಪ್ಪಣೆ ಆಗಿದೆ. ಇಂದಿನ ಓದುಗನ ಕಿವಿಗೆ ಮೊದಲು ಬೀಳೋದು ಈ ಎರಡನೆಯ ಅರ್ಥವೇ. ಹಳೆಯ ಅರ್ಥಕ್ಕೆ ಈ ಪದವನ್ನು ಬಳಸಿದರೆ ಅಜ್ಜಿ ಕೊಲೆಗಾತಿ ಆಗುತ್ತಾಳೆ. ‘ಶಾಸನ’ ಅನ್ನುವುದೂ ಇಲ್ಲಿ ಸ್ವಲ್ಪ ಅಡ್ಡಗಾಲು. ನಮ್ಮ ಕಲ್ಲುಶಾಸನಗಳಲ್ಲಿ ದತ್ತಿ ಬಿಟ್ಟವರು ಬದುಕಿರುವಾಗಲೇ ಬಿಟ್ಟವರು. ಗದ್ದೆ ಅವತ್ತೇ ದೇವಸ್ಥಾನಕ್ಕೆ ಸೇರುತ್ತಿತ್ತು. ಸೂರ್ಯಚಂದ್ರರು ಇರುವ ತನಕ ಅಂತ ಬರೆಸುತ್ತಿದ್ದರೇ ಹೊರತು, ‘ನಾನು ಸತ್ತ ಮೇಲೆ’ ಅಂತ ಅಲ್ಲ.

ಸತ್ತ ಮೇಲೆ ನಡೆಯುವ ಕಾಗದ ಅನ್ನೋದೇ ನಮ್ಮ ಹಳೆಯ ಧರ್ಮಶಾಸ್ತ್ರಕ್ಕೆ ಹೊಸದು. ಆ ಶಾಸ್ತ್ರದ ಹಳೆಯ ವ್ಯಾಖ್ಯಾನವಾದ ಮಿತಾಕ್ಷರದ ಲೆಕ್ಕದಲ್ಲಿ ಮಗನಿಗೆ ಹುಟ್ಟಿದಾಗಲೇ ಪಿತ್ರಾರ್ಜಿತದಲ್ಲಿ ಹಕ್ಕು. ಆಮೇಲೆ ಅಪ್ಪ ಬರೆದಿಡೋಕೆ ಏನು ಉಳಿಯಿತು? ಇಂಗ್ಲಿಷರ ಕೋರ್ಟುಗಳ ಜೊತೆಗೆ ಈ ಪದ್ಧತಿ ಬಂತು. 1870 ರಲ್ಲಿ ಹಿಂದೂಗಳ ಉಯಿಲುಗಳಿಗೆ ಅಂತಲೇ ಒಂದು ಕಾಯ್ದೆ ಆಯಿತು. ಅದು ಬಂಗಾಳಕ್ಕೆ, ಮದ್ರಾಸು ಮತ್ತು ಬೊಂಬಾಯಿ ಪಟ್ಟಣಗಳಿಗೆ ಮಾತ್ರ. ಈಗ ನಡೆಯುತ್ತಿರುವುದು 1925 ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಕಾನೂನು ಬಂದಾಗ ಅದರ ಪದವೂ ಬಂತು. ನಮ್ಮ ಜನ ಅದನ್ನು ಬಾಯಲ್ಲಿ ಹಾಕಿಕೊಂಡು ಚೆನ್ನಾಗಿ ಅಗಿದು ‘ಉಯಿಲು’ ಮಾಡಿದರು.

ಹೌದು, ಉಯಿಲು ಅಂದರೆ ವಿಲ್ಲೇ. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರೊಬ್ಬರು ಅದು ಹಳಗನ್ನಡದ ‘ಉಯ್’ ಧಾತುವಿನಿಂದ ಬಂದದ್ದು, ‘ಉಯ್’ ಅಂದರೆ ಒಯ್ಯು, ಆಸ್ತಿಯನ್ನು ಮುಂದಿನವರ ಕಡೆಗೆ ಒಯ್ಯುವುದರಿಂದ ಉಯಿಲು ಅಂತ ಹೇಳಿಕೊಟ್ಟಿದ್ದರು. ಕೇಳೋಕೆ ಎಷ್ಟು ಚೆಂದ! ನಿಜ ಮಾತ್ರ ಅಲ್ಲ. ಇಂಗ್ಲಿಷಿನವರು ತುಟಿ ದುಂಡಗೆ ಮಾಡಿ ಹೇಳುವ ಆ ವಕಾರ ನಮ್ಮ ಕಿವಿಗೆ ‘ಉ’ ಅಂತಲೇ ಕೇಳುತ್ತೆ. ಉಲ್ಲನ್ ಸ್ವೆಟರಿನಲ್ಲಿ ಆದದ್ದೂ ಅದೇ. ಉ-ಇಲ್ ನಡುವೆ ಒಂದು ಯಕಾರ ನುಸುಳಿತು. ಕೊನೆಗೆ ಜೈಲು, ರೈಲು, ಮೈಲುಗಳ ಹಾಗೆ ಒಂದು ಉಕಾರ ಹತ್ತಿತು. ತಮಿಳಿನಲ್ಲೂ ಉಯಿಲ್ ಅಂತಲೇ ಇದೆ. ತೆಲುಗಿನವರು ಇನ್ನೊಂದು ದಾರಿ ಹಿಡಿದರು. ವಿಲ್ಲಿಗೆ ಪಾರಸಿಯ ‘ನಾಮಾ’ ಅಂಟಿಸಿ ‘ವೀಲುನಾಮಾ’ ಅಂದರು. ನಮಗೆ ರಾಜೀನಾಮೆ, ಕರಾರುನಾಮೆ ಎಲ್ಲ ಒಗ್ಗಿದ್ದರೂ ಈ ಜೋಡಿ ಒಗ್ಗಲಿಲ್ಲ. ಹಿಂದಿಯವರ ವಸೀಯತ್ತೂ ಮಲಯಾಳದವರ ಒಸ್ಯತ್ತೂ ಒಂದೇ ಅರಬ್ಬಿ ಪದದ ಮಕ್ಕಳು. ಬೆಳಗಾವಿ, ಧಾರವಾಡದ ಕಡೆ ಮರಾಠಿಯ ಜೊತೆ ಹಂಚಿಕೊಂಡ ಮೃತ್ಯುಪತ್ರ ಇದೆ. ಅಲ್ಲಿ ಅದು ಸಹಜವಾದ ಪದ, ಯಾರೂ ಬೆಚ್ಚುವುದಿಲ್ಲ. ಮಂಡ್ಯದವನ ಮುಂದೆ ಮೃತ್ಯುಪತ್ರ ಅಂದರೆ ಮಾತ್ರ ತಿಥಿಯ ಕಾರ್ಡು ಅಂದುಕೊಂಡಾನು.

ಹಳೆ ಮೈಸೂರಿನ ಕಡೆ ಇನ್ನೊಂದು ತಮಾಷೆ ಇದೆ. ‘ಹುಯಿಲು’ ಅಂದರೆ ಗದ್ದಲ, ಬೊಬ್ಬೆ. ನಮ್ಮ ಕಡೆ ಎಷ್ಟೋ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಗಾಗಿ ಉಯಿಲೂ ಹುಯಿಲೂ ಒಂದೇ ಆಗಿಬಿಡುತ್ತವೆ. ಅಪ್ಪ ಸತ್ತ ಹನ್ನೊಂದನೆಯ ದಿನ ಟ್ರಂಕಿನಿಂದ ಕಾಗದ ಹೊರಬಿದ್ದ ಮನೆಗಳನ್ನು ನೋಡಿದವರಿಗೆ ಈ ಎರಡನ್ನು ಬೇರೆ ಮಾಡುವ ಅಗತ್ಯವೂ ಕಾಣುವುದಿಲ್ಲ.

ಸರಿ, ನಾಮಪದ ಸಿಕ್ಕಿತು. ಅಜ್ಜಿ ಉಯಿಲು ಬರೆದಳು. ಆದರೆ ಗೆಳತಿಯ ವಾಕ್ಯದ ಕಷ್ಟ ಇಷ್ಟಕ್ಕೇ ಮುಗಿಯಲಿಲ್ಲ. ನಿಜವಾದ ವಿಷಯ ಇರೋದು ಕ್ರಿಯಾಪದದಲ್ಲಿ. ಅದನ್ನು ನಿಘಂಟು ಹೇಳಿಕೊಡುವುದಿಲ್ಲ, ಪತ್ರ ಬರೆಯುವವರ ಬೆಂಚಿನ ಪಕ್ಕ ಅರ್ಧ ಗಂಟೆ ಕೂತರೆ ಗೊತ್ತಾಗುತ್ತೆ.

‘ಬರೆದುಕೊಟ್ಟ’ ಅಂದರೆ ಕೊಟ್ಟಾಯಿತು. ಕ್ರಯಪತ್ರ ಬರೆದುಕೊಡುತ್ತಾರೆ, ದಾನಪತ್ರ ಬರೆದುಕೊಡುತ್ತಾರೆ. ಕಾಗದ ನೋಂದಣಿ ಆಯಿತು ಅಂದರೆ ಜಮೀನು ಕೈಬಿಟ್ಟ ಹಾಗೆ. ಆಮೇಲೆ ಮನಸ್ಸು ಬದಲಾದರೆ ಕೇಳುವವರಿಲ್ಲ. ‘ಬರೆದಿಟ್ಟ’ ಅಂದರೆ ಬೇರೆ. ಬರೆದ, ಇಟ್ಟ. ಕಾಗದ ಪೆಟ್ಟಿಗೆಯಲ್ಲಿದೆ, ಜಮೀನು ಅವನದ್ದೇ. ನಾಳೆ ಮಗಳ ಮೇಲೆ ಸಿಟ್ಟು ಬಂದರೆ ಹರಿದು ಹಾಕಿ ಇನ್ನೊಂದು ಬರೆಯಬಹುದು. ಕೊನೆಯ ಉಸಿರಿನ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಉಯಿಲಿನ ಲಕ್ಷಣ ಅಂತ ವಕೀಲರು ಎರಡು ಪುಟ ವಿವರಿಸುವುದನ್ನು ಕನ್ನಡದ ಒಂದು ‘ಇಡು’ ಹೇಳಿ ಮುಗಿಸುತ್ತೆ.

ಇದು ಸುಮ್ನೆ ಭಾಷೆಯ ಚಮತ್ಕಾರ ಅಂದುಕೊಳ್ಳಬೇಡಿ. ತಲೆಬರಹದಲ್ಲಿ ‘ಉಯಿಲು’ ಅಂತ ಇದ್ದು, ಒಳಗೆ ‘ಈ ದಿವಸವೇ ನಿನ್ನ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ’ ಅಂತ ಬರೆದ ಕಾಗದಗಳಿವೆ. ಕೋರ್ಟು ತಲೆಬರಹ ನೋಡಿ ತೀರ್ಮಾನ ಮಾಡುವುದಿಲ್ಲ. ಹಕ್ಕು ಇವತ್ತೇ ಹೋಯಿತೋ, ಸಾವಿನ ನಂತರ ಹೋಗುತ್ತೋ ಅಂತ ನೋಡುತ್ತೆ. ಇವತ್ತೇ ಹೋಯಿತು ಅಂದರೆ ಅದು ಉಯಿಲಲ್ಲ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯ ಅಲ್ಲ. ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಸ್ಥಿರಾಸ್ತಿಯ ದಾನಪತ್ರಕ್ಕೆ ನೋಂದಣಿ ಇಲ್ಲದೆ ನಡೆಯುವುದಿಲ್ಲ. ಇಡು ಮತ್ತು ಕೊಡು ಅದಲು ಬದಲಾದರೆ ಎಷ್ಟು ಫಜೀತಿ ನೋಡಿ.

ಇನ್ನು ‘ಬರೆಸು’. ಹಿಂದೆ ಬಹಳಷ್ಟು ಜನ ತಾವೇ ಬರೆಯುತ್ತಿರಲಿಲ್ಲ. ಪತ್ರದ ಕೊನೆಗೆ ‘ಬಿಕ್ಕಲಂ’, ಅಂದರೆ ‘ಇಂಥವರ ಲೇಖನಿಯಿಂದ’, ಅಂತ ಪತ್ರ ಬರೆದವನ ಹೆಸರು ಬೇರೆಯೇ ಇರುತ್ತಿತ್ತು. ಹಾಗಾಗಿ ‘ಅಪ್ಪ ಉಯಿಲು ಬರೆಸಿದ’ ಅನ್ನುವುದರಲ್ಲಿ ಏನೂ ಕೊಂಕಿಲ್ಲ. ಅದಕ್ಕೆ ಒಂದು ‘ಕೊಳ್ಳು’ ಸೇರಿಸಿ ನೋಡಿ. ‘ಅಪ್ಪನ ಕೈಲಿ ಉಯಿಲು ಬರೆಸಿಕೊಂಡ.’ ಹೇಳಿದವರು ಯಾರ ಮೇಲೂ ದೂರು ಕೊಟ್ಟಿಲ್ಲ. ಆದರೂ ಊರಿಗೆಲ್ಲ ಅರ್ಥ ಆಯಿತು. ಅಪ್ಪನಿಗೆ ಕಣ್ಣು ಮಂಜಾಗಿತ್ತು, ಅಣ್ಣ ಬೆಂಗಳೂರಲ್ಲಿದ್ದ, ಇವನು ಕಾರು ಮಾಡಿಕೊಂಡು ಕರೆದುಕೊಂಡು ಹೋದ, ಎಲ್ಲ. ಮೈಸೂರಿನ ಒಂದು ಮೊಕದ್ದಮೆ ಇದೇ ಜಾಡಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ 1958 ರ ನವೆಂಬರಿನಲ್ಲಿ ತೀರ್ಮಾನವಾಯಿತು. ಉಯಿಲಿನ ದಾವೆಗಳಲ್ಲಿ ಇವತ್ತಿಗೂ ವಕೀಲರು ಅದನ್ನೇ ಮುಂದೆ ಇಡುತ್ತಾರೆ. ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಮಾಡಿಸಿದ್ದರೆ ಅದು ಅನುಮಾನಕ್ಕೆ ಕಾರಣ, ಆ ಅನುಮಾನವನ್ನು ಅವನೇ ನಿವಾರಿಸಬೇಕು ಅಂತ ಕೋರ್ಟು ಹೇಳಿತು. ಬರೆದವರು ಎದ್ದು ಬಂದು ‘ಇದು ನನ್ನದೇ’ ಅಂತ ಹೇಳಲಾರರು, ಅದೇ ಉಯಿಲಿನ ತೊಡಕು ಅನ್ನುವುದೂ ಆ ತೀರ್ಪಿನ ಮಾತೇ. ನಮ್ಮ ಊರಿನವರು ಅದನ್ನೆಲ್ಲ ‘ಬರೆಸಿಕೊಂಡ’ ಅನ್ನುವ ಒಂದೇ ಪದದಲ್ಲಿ ವಿಚಾರಣೆ ಮಾಡಿ ಮುಗಿಸುತ್ತಾರೆ.

ಇನ್ನೊಂದು ಸಣ್ಣ ವಿಷಯ, ವಿಭಕ್ತಿಯದ್ದು. ‘ಮೊಮ್ಮಗಳಿಗೆ ಉಯಿಲು ಬರೆದಳು’ ಅಂದರೆ ಮೊಮ್ಮಗಳಿಗೆ ಕಾಗದ ಬರೆದು ಅಂಚೆಗೆ ಹಾಕಿದ ಹಾಗೆ ಕೇಳುತ್ತೆ, ಅಲ್ವಾ? ನಾವು ‘ಮೊಮ್ಮಗಳ ಹೆಸರಿಗೆ’ ಅನ್ನುತ್ತೇವೆ. ಆಸ್ತಿಯ ಮಾತು ಬಂದಾಗ ಕನ್ನಡದಲ್ಲಿ ಮನುಷ್ಯರಿಗಿಂತ ಹೆಸರೇ ದೊಡ್ಡದು. ಹೆಸರಿಗೆ ಮಾಡು, ಹೆಸರಲ್ಲಿದೆ, ಹೆಸರು ತೆಗೆಸು. ಉಯಿಲು ಇಲ್ಲದೆ ಸತ್ತವರ ಜಮೀನಿಗೂ ಪೌತಿ ಖಾತೆ ಅಂತ ಪಹಣಿಯಲ್ಲಿ ಹೆಸರೇ ಬದಲಾಗಬೇಕು. ಆ ‘ಪೌತಿ’ಯೂ ಸಾವು ಅನ್ನುವ ಅರ್ಥದ ಅರಬ್ಬಿ ಪದವೇ. ಆದರೆ ತಾಲೂಕು ಕಚೇರಿಯ ಸಾಲಿನಲ್ಲಿ ನಿಂತ ಯಾರಿಗೂ ಅದರಲ್ಲಿ ಸಾವು ಕಾಣುವುದಿಲ್ಲ. ಸವೆದ ಪದದ ಲಾಭ ಇದು. ಉಯಿಲೂ ಹಾಗೇ. ಅದರಲ್ಲಿ ಮರಣವೂ ಇಲ್ಲ, ಮೃತ್ಯುವೂ ಇಲ್ಲ. ‘ಉಯಿಲು ಬರೆದಿಡಿ ಮಾವಯ್ಯ’ ಅಂತ ಎಂಬತ್ತರ ಮಾವನಿಗೆ ಅಳಿಯ ಹೇಗೋ ಬಾಯಿಬಿಟ್ಟು ಹೇಳಬಹುದು. ‘ಮರಣಶಾಸನ ಬರೆದಿಡಿ’ ಅಂದು ನೋಡಲಿ!

ಈಗ ಇದಕ್ಕೊಂದು ಹೊಸ ಪೇಚು ಬಂದಿದೆ. ಮುಂದೆ ನನಗೆ ಪ್ರಜ್ಞೆ ತಪ್ಪಿದರೆ ಇಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟು 2018 ರಲ್ಲಿ ಒಪ್ಪಿಗೆ ಕೊಟ್ಟಿತು. ಕರ್ನಾಟಕ ಸರ್ಕಾರ 2025 ರ ಜನವರಿಯಲ್ಲಿ ಅದರ ಬಗ್ಗೆ ಸುತ್ತೋಲೆ ಹೊರಡಿಸಿತು. ಇದನ್ನು ಲಿವಿಂಗ್ ವಿಲ್ ಅನ್ನುತ್ತಾರೆ. ಅದನ್ನು ಪದಕ್ಕೆ ಪದ ಇಳಿಸಿ ‘ಜೀವಂತ ಉಯಿಲು’ ಅಂದರೆ ಕಾಗದಕ್ಕೇ ಜೀವ ಬಂದ ಹಾಗಿದೆ. ಆಸ್ತಿಯ ಮಾತೇ ಇಲ್ಲದ ಕಡೆ ಉಯಿಲು ಯಾಕೆ? ‘ಚಿಕಿತ್ಸೆಯ ಮುಂಗಡ ಸೂಚನೆ’ ಅಂದರೆ ನನಗೆ ಸಾಕು ಅನ್ನಿಸುತ್ತೆ.

ಗೆಳತಿಯ ವಾಕ್ಯವನ್ನು ಕೊನೆಗೆ ಹೀಗೆ ತಿದ್ದಿದೆವು: ‘ಸಾಯುವ ಎರಡು ವರ್ಷ ಮುಂಚೆಯೇ ಅಜ್ಜಿ ಮನೆಯನ್ನು ಮೊಮ್ಮಗಳ ಹೆಸರಿಗೆ ಉಯಿಲು ಬರೆದಿಟ್ಟಿದ್ದಳು.’ ಕತೆಯಲ್ಲಿ ಅಜ್ಜಿಯ ಮಗನಿಗೆ ಈ ಕಾಗದದ ಮೇಲೆ ಅನುಮಾನ. ಹಾಗಾಗಿ ಅವನ ಬಾಯಲ್ಲಿ ಮಾತ್ರ ‘ಬರೆಸಿಕೊಂಡಿದ್ದಾಳೆ’ ಅಂತ ಹಾಕಿಸಿದೆ.

ಒಂದು ಪದ ಮಾತ್ರ ಬಾಕಿ ಉಳಿದಿದೆ. ಉಯಿಲಿನಿಂದ ಆಸ್ತಿ ಪಡೆದವರನ್ನು ಏನನ್ನುವುದು? ವಾರಸುದಾರ ಅನ್ನುವ ಹಾಗಿಲ್ಲ, ಉಯಿಲು ಪಡೆದವರು ರಕ್ತಸಂಬಂಧಿಯೇ ಆಗಬೇಕಿಲ್ಲ. ಉಯಿಲುದಾರ ಅಂದರೆ ಬರೆದವನೋ, ಪಡೆದವನೋ ಗೊತ್ತಾಗುವುದಿಲ್ಲ. ಸಾಲ ಕೊಟ್ಟವನನ್ನೂ ತೆಗೆದುಕೊಂಡವನನ್ನೂ ಸಾಲಗಾರ ಅನ್ನುವ ಭಾಷೆ ನಮ್ಮದು. ಕರಾವಳಿಯವರು, ಬೀದರ್, ಕಲಬುರಗಿಯ ಕಡೆಯವರು, ಕಾಸರಗೋಡಿನವರು ಮನೆಮಾತಿನಲ್ಲಿ ಇಂಥವರನ್ನು ಏನಂತ ಕರೆಯುತ್ತೀರಿ? ಬೈಗುಳ ಬಿಟ್ಟು ಹೇಳಿ.